ಏಳು ಗಂಟೆಯ ಭೋಂಗಾ

ಬೆಳಗಾವಿಯಿಂದ ಪುಣೆಯ ಕಡೆ ಹೊರಟ ರೈಲು ಮಿರಜ್, ಸಾಂಗಲಿ ದಾಟಿದ ಮೇಲೆ ಕಿಟಕಿಯಾಚೆ ಕಬ್ಬೋ ಕಬ್ಬು. ನಡುವೆ ಬರುವ ನಿಲ್ದಾಣ ಕಿರ್ಲೋಸ್ಕರವಾಡಿ. ನಮ್ಮ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಿಂದ ಗಂಟುಮೂಟೆ ಕಟ್ಟಿ, 1910ರಲ್ಲಿ ಇಲ್ಲಿಗೆ ಬಂದು ಕಬ್ಬಿಣದ ನೇಗಿಲಿನ ಕಾರ್ಖಾನೆ ಬೆಳೆಸಿದರು. ಸುತ್ತಲೂ ಸಕ್ಕರೆ ಕಾರ್ಖಾನೆಗಳೂ ಉಂಟು. ಪಾಳಿಯ ಸಮಯ ನೋಡಿ ಏಳುವುದು, ಉಣ್ಣುವುದು, ಮಲಗುವುದು ಈ ಸೀಮೆಯ ಜನಕ್ಕೆ ಹಳೆಯ ರೂಢಿ.

ಇದೇ ಸಾಂಗಲಿ ಜಿಲ್ಲೆಯ ಕಡೇಗಾಂವ್ ತಾಲ್ಲೂಕಿನಲ್ಲಿದೆ ಮೋಹಿತ್ಯಾಂಚೆ ವಡಗಾಂವ್. ಮೋಹಿತೆಯವರ ವಡಗಾವಿ ಎಂದರಾಯಿತು. (ವಡಗಾಂವ್‌ಗಳು ಆ ನಾಡಿನಲ್ಲಿ ಹೆಜ್ಜೆಗೊಂದು, ಬೆಳಗಾವಿಯಲ್ಲೇ ಒಂದು ವಡಗಾವಿ ಇಲ್ಲವೇ!) ಮೂರು ಸಾವಿರದಷ್ಟು ಜನ. ಬೇಸಾಯಗಾರರು, ಸಕ್ಕರೆ ಕಾರ್ಖಾನೆಯ ನೌಕರರು. ನೋಡುವಂಥ ಕೋಟೆಯಿಲ್ಲ, ಜಲಪಾತವಿಲ್ಲ. ಊರು ಹೆಸರಾದದ್ದು ಭೈರವನಾಥನ ಗುಡಿಯ ಮೇಲೆ ಕೂರಿಸಿದ ಒಂದು ಸೈರನ್ನಿನಿಂದ. ಅದಕ್ಕೆ ಅಲ್ಲಿಯವರ ಮಾತು ಭೋಂಗಾ. ಗೋಕಾಕದ ಗಿರಣಿಯ ಆಸುಪಾಸಿನಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ.

ಸಂಜೆ ಏಳಕ್ಕೆ ಭೋಂಗಾ ಕೂಗಿದರೆ ಮನೆಮನೆಯ ಟಿ.ವಿ., ಮೊಬೈಲು ಬಂದ್. ಮಕ್ಕಳು ಪುಸ್ತಕ ಹಿಡಿಯಬೇಕು, ದೊಡ್ಡವರು ಓದಬೇಕು ಇಲ್ಲವೇ ಮಾತಾಡಬೇಕು. ಎಂಟೂವರೆಗೆ ಮತ್ತೊಂದು ಕೂಗು, ಅಲ್ಲಿಗೆ ಬಿಡುಗಡೆ. ಇಷ್ಟೇ ಕಟ್ಟಳೆ.

ಇದರ ಬೇರು ಕೊರೊನಾ ಕಾಲದಲ್ಲಿದೆ. ಶಾಲೆ ಮುಚ್ಚಿದಾಗ ಪಾಠದ ನೆಪದಲ್ಲಿ ಮಕ್ಕಳ ಕೈಗೆ ಬಂದ ಫೋನು, ಶಾಲೆ ತೆರೆದ ಮೇಲೂ ಕೈ ಬಿಡಲಿಲ್ಲ. ಮಕ್ಕಳ ಗಮನ ಪಾಠದಲ್ಲಿ ನಿಲ್ಲುತ್ತಿಲ್ಲವೆಂದು ಮೇಷ್ಟ್ರುಗಳು ಪೇಚಾಡಿದರು. 2022ರ ಆಗಸ್ಟ್ 14ರಂದು ಹೆಂಗಸರ ಗ್ರಾಮಸಭೆ ಸೇರಿತು. ತಾವೂ ಟಿ.ವಿ., ಮೊಬೈಲಿಗೆ ಅಂಟಿಕೊಂಡಿದ್ದೇವೆಂದು ಒಪ್ಪಿದ ತಾಯಂದಿರು, ಪಂಚಾಯಿತಿಯೇ ಏನಾದರೂ ಮಾಡಲೆಂದರು. ಮರುದಿನ, ಸ್ವಾತಂತ್ರ್ಯೋತ್ಸವದಂದೇ ಭೋಂಗಾ ಮೊಳಗಿತು. ಗಂಡಸರಲ್ಲಿ ಕೆಲವರು ನಕ್ಕರಂತೆ. ಆಶಾ, ಅಂಗನವಾಡಿ ಕಾರ್ಯಕರ್ತೆಯರು, ನಿವೃತ್ತ ಶಿಕ್ಷಕರು ಮನೆಮನೆ ತಿರುಗಿ ಹೇಳಿದ ಮೇಲೆ ನಗು ಇಳಿಯಿತು.

ನನಗೆ ಮುಖ್ಯವೆನಿಸುವುದು ತಾಯಂದಿರ ಆ ಒಪ್ಪಿಗೆ. ಅಪ್ಪ ಸೋಫಾದ ಮೇಲೆ ವಾಟ್ಸ್‌ಆ್ಯಪ್ ತಿರುವುತ್ತ ‘ಫೋನ್ ಇಡೋ’ ಎಂದರೆ ಯಾವ ಮಗ ಇಟ್ಟಾನು? ಹಾಗೆಂದು ಹುಡುಗನೊಬ್ಬನೇ ಗಟ್ಟಿ ಮನಸ್ಸು ಮಾಡಿ ಇಟ್ಟರೂ ಅವನ ಗೆಳೆಯರೆಲ್ಲ ಅತ್ತ ಹರಟುತ್ತಿರುತ್ತಾರೆ. ಯಾರು ಏನು ಹಾಕಿದರೋ, ತನ್ನ ಫೋಟೋಗೆ ಯಾರು ಏನೆಂದರೋ ಎಂದು ಪುಸ್ತಕದ ಮೇಲಿನ ಕಣ್ಣು ಫೋನಿನತ್ತ ಜಾರುತ್ತದೆ. ಊರಿಗೆ ಊರೇ ಒಟ್ಟಿಗೆ ಇಟ್ಟರೆ ಆ ಚಡಪಡಿಕೆಗೆ ಎಡೆ ಕಡಿಮೆ. ಗುಂಪಿನಲ್ಲಿ ಹರಟಲು ಊರಿನವರೇ ಇರುವುದಿಲ್ಲ. ಇನ್ನೊಂದು ಮಾತು. ದೂರದರ್ಶನದ ಕಾಲದಲ್ಲಿ ಧಾರಾವಾಹಿ ಮುಗಿಯುತ್ತಿತ್ತು, ಎದ್ದು ಹೋಗುತ್ತಿದ್ದೆವು. ರೀಲ್ಸ್ ಮುಗಿಯುವುದೇ ಇಲ್ಲ, ಬೆರಳು ಸರಿಸಿದಷ್ಟೂ ಬರುತ್ತವೆ. ಹಾಗೆ ಬರಲೆಂದೇ ಅವನ್ನು ಜೋಡಿಸಿದ್ದಾರೆ. ಒಳಗೆ ಕೊನೆಯಿಲ್ಲದ್ದಕ್ಕೆ ಹೊರಗಿನಿಂದ ಯಾರಾದರೂ ಕೊನೆ ಹಾಕಬೇಕು.

ಅದೇ ವರ್ಷ ನವೆಂಬರಿನಲ್ಲಿ ಯವತ್ಮಾಳ ಜಿಲ್ಲೆಯ ಬನ್ಸಿ ಗ್ರಾಮದವರು ಹದಿನೆಂಟು ತುಂಬದವರಿಗೆ ಮೊಬೈಲೇ ಬೇಡವೆಂದು ಠರಾವು ಮಾಡಿದರು. ನನ್ನ ಮತ ವಡಗಾಂವಿಗೇ. ಪೂರ್ತಿ ನಿಷೇಧ ಕದ್ದು ನೋಡುವುದನ್ನು ಕಲಿಸೀತು. ಮೇಲಾಗಿ ಅದು ಮಕ್ಕಳಿಗೆ ಮಾತ್ರ. ಒಂದೂವರೆ ಗಂಟೆಯಾದರೆ ಯಾರೂ ತಡೆದುಕೊಂಡಾರು. ಎಂಟೂವರೆಯ ನಂತರ ಮತ್ತೆ ಫೋನು ಬೆಳಗುತ್ತದೆ, ಚಟ ತೊಲಗಿತೆಂದಲ್ಲ. ಆದರೂ ಪರೀಕ್ಷೆಗೆ ಓದುವ ಹುಡುಗಿಗೆ ದಿನಕ್ಕೆ ತೊಂಬತ್ತು ನಿಮಿಷ ಸಣ್ಣ ಗಳಿಕೆಯೇ? ತಿಂಗಳಿಗೆ ನಲವತ್ತೈದು ಗಂಟೆಯಾಯಿತು.

ಶಹರಿನಲ್ಲಿ ಗುಡಿಯ ಮೇಲೆ ಭೋಂಗಾ ಕೂಗಿಸಲಾಗದು. ವಠಾರದ ನಾಲ್ಕು ಮನೆಯವರು ಒಂದಾಗಬಹುದು, ಒಂದೇ ತರಗತಿಯ ಮಕ್ಕಳ ಪಾಲಕರೂ ಆಗಬಹುದು. ತೊಡಕಿರುವುದು ಶಾಲೆಗಳದ್ದು: ಮನೆಗೆಲಸವನ್ನು ರಾತ್ರಿ ಎಂಟಕ್ಕೆ ವಾಟ್ಸ್‌ಆ್ಯಪಿನಲ್ಲಿ ಕಳಿಸಿದರೆ ಫೋನು ಮುಚ್ಚುವುದೆಂತು? ಶಾಲೆ ಬಿಡುವ ಮುನ್ನ ಕರಿಹಲಗೆಯ ಮೇಲೆ ಬರೆದುಬಿಡಲಿ.

ವಡಗಾಂವಿಗೆ ಹೋಗುವವರು ಕಿರ್ಲೋಸ್ಕರವಾಡಿಯಲ್ಲೋ ತಾಕಾರಿಯಲ್ಲೋ ಇಳಿದು ರಸ್ತೆ ಹಿಡಿಯಬೇಕು. ಅದೇ ತಾಲ್ಲೂಕಿನ ದೇವರಾಷ್ಟ್ರೆ, ಮಹಾರಾಷ್ಟ್ರದ ಮೊದಲ ಮುಖ್ಯಮಂತ್ರಿ ಯಶವಂತರಾವ್ ಚವಾಣರು ಹುಟ್ಟಿದ ಊರು. ಪಕ್ಕದಲ್ಲೇ ಸಾಗರೇಶ್ವರ ಅಭಯಾರಣ್ಯ. ಬೋಳು ಗುಡ್ಡಗಳ ಮೇಲೆ ಜನರೇ ಗಿಡ ನೆಟ್ಟು ಬೆಳೆಸಿದ ಕಾಡು ಇದು, 1985ರಲ್ಲಿ ಅಭಯಾರಣ್ಯವಾಯಿತು. ಮಕ್ಕಳ ಜೊತೆ ಹೋದರೆ ಜಿಂಕೆ ನೋಡಲು ಬೆಳಗಿನ ಹೊತ್ತು ಒಳ್ಳೆಯದು.