ಸಿಯೆನಾ ನಗರದಲ್ಲಿ ಪಾದಚಾರಿಗಳಾಗಿ

ನಮ್ಮ ಸಮಾಜದ ಅನೇಕ ಮನೆಗಳ ಮಕ್ಕಳು ಇಂದು ಜರ್ಮನಿ, ಇಂಗ್ಲೆಂಡ್ ಮೊದಲಾದ ದೇಶಗಳಲ್ಲಿ ಉದ್ಯೋಗದಲ್ಲಿದ್ದಾರೆ. ವಯಸ್ಸಾದ ತಂದೆತಾಯಿಗಳು ಬೇಸಿಗೆಯಲ್ಲಿ ಅಲ್ಲಿಗೆ ಹೋಗಿ ಒಂದೆರಡು ತಿಂಗಳು ಇದ್ದು ಬರುವುದೂ ವಾಡಿಕೆಯಾಗಿದೆ. ಹಾಗೆ ಹೋದಾಗ ಮಕ್ಕಳು ಕಾರನ್ನು ಬಾಡಿಗೆಗೆ ಹಿಡಿದು ನೆರೆಯ ದೇಶಗಳನ್ನು ತೋರಿಸುತ್ತಾರೆ. ಅಂತಹ ಹಿರಿಯರಿಗೂ ಅವರ ಮಕ್ಕಳಿಗೂ ಉಪಯೋಗವಾದೀತೆಂದು, ನನ್ನದೇ ಒಂದು ಅವಿವೇಕವನ್ನು ಮರೆಮಾಚದೆ, ಈ ಪ್ರವಾಸದ ನೆನಪನ್ನು ಬರೆಯುತ್ತಿದ್ದೇನೆ.

2019ರ ಮೇ ತಿಂಗಳು. ಜರ್ಮನಿಯಲ್ಲಿರುವ ಮಗ, ಸೊಸೆ ಮತ್ತು ನಾವು ದಂಪತಿಗಳು ಇಟಲಿಯ ಫ್ಲಾರೆನ್ಸ್‌ಗೆ ಹೋಗಿ, ಅಲ್ಲಿಂದ ಬಾಡಿಗೆ ಕಾರಿನಲ್ಲಿ ಟಸ್ಕನಿ ಪ್ರಾಂತ್ಯವನ್ನು ನೋಡಲು ಹೊರಟೆವು. ಆ ಪ್ರಾಂತ್ಯದ ಹಳೆಯ ಊರುಗಳೆಲ್ಲ ಬಹುಮಟ್ಟಿಗೆ ಗುಡ್ಡದ ನೆತ್ತಿಯ ಮೇಲೆ, ಕೋಟೆಗೋಡೆಗಳ ಒಳಗೆ ಇವೆ. ಹೇರು ಹೊತ್ತ ಕತ್ತೆಗಳಿಗೂ ಕಾಲ್ನಡೆಯವರಿಗೂ ಎಂದು ಹಾಕಿದ ಬೀದಿಗಳವು. ಕಾರು ಹೊಕ್ಕರೆ ಮನುಷ್ಯನು ಗೋಡೆಗೆ ಅಂಟಿಕೊಳ್ಳಬೇಕು. ಆದ್ದರಿಂದ ಅಲ್ಲಿನ ನಗರಸಭೆಗಳು ಊರಿನ ನಡುಭಾಗವನ್ನು ಮಿತಸಂಚಾರ ವಲಯವೆಂದು ಘೋಷಿಸಿವೆ. ಇಟಾಲಿಯನ್ ಹೆಸರಿನ ಮೊದಲಕ್ಷರಗಳಿಂದ ಅದನ್ನು ಝಡ್.ಟಿ.ಎಲ್. ಎನ್ನುತ್ತಾರೆ. ದ್ವಾರದಲ್ಲಿ ಕಾವಲುಗಾರನಿಲ್ಲ, ಅಡ್ಡಗಂಬವೂ ಸಾಮಾನ್ಯವಾಗಿ ಇಲ್ಲ. ಕೆಂಪು ಅಂಚಿನ ಬಿಳಿಯ ವೃತ್ತದ ಫಲಕವೊಂದು, ಅದರ ಬಳಿ ಒಂದು ಕ್ಯಾಮೆರಾ, ಇಷ್ಟೇ.

ಮೊದಲ ದಿನ ಸಂಜೆ ಅಂತಹ ಒಂದು ಊರಿನ ಬಾಗಿಲಿಗೆ ಬಂದೆವು. ಆ ಊರಿನ ಹೆಸರು ಬೇಡ; ತಪ್ಪು ಅದರದಲ್ಲ. ನನ್ನ ಮೊಣಕಾಲು ಅಂದು ಬಹಳ ನೋಯುತ್ತಿತ್ತು. ದ್ವಾರದ ಮೇಲಿನ ವಿದ್ಯುತ್ ಫಲಕದಲ್ಲಿ ‘ವಾರ್ಕೊ ಅತ್ತೀವೊ’ ಎಂಬ ಎರಡು ಪದಗಳು ಬೆಳಗುತ್ತಿದ್ದವು. ಮಗನು ಕಾರು ನಿಲ್ಲಿಸಿ, “ಅಪ್ಪಾಜಿ, ಒಳಗೆ ಹೋಗಬಾರದು ಎಂದಿರಬಹುದು” ಎಂದ. ನಾನು ಬಾಲ್ಯದಿಂದ ಮಠದ ಪಾಠಶಾಲೆಯಲ್ಲಿ ವ್ಯಾಕರಣ, ನಿಘಂಟುಗಳನ್ನು ಉರುಹೊಡೆದವನು. ಪದ ಕಂಡರೆ ಬಿಡಿಸದೆ ಇರಲಾರೆ. ಜೇಬಿನಲ್ಲಿದ್ದ ಕಿರುಕೋಶವನ್ನು ತೆಗೆದು ನೋಡಿದೆ. ವಾರ್ಕೊ ಎಂದರೆ ದಾರಿ, ಅತ್ತೀವೊ ಎಂದರೆ ಸಕ್ರಿಯ. “ದಾರಿ ಚಾಲ್ತಿಯಲ್ಲಿದೆ ಎಂದು ಅರ್ಥ, ನಡೆ” ಎಂದೆ. ಅವನು ಒಂದು ಕ್ಷಣ ಸುಮ್ಮನಿದ್ದು, ಎದುರಾಡದೆ ಒಳಗೆ ನಡೆಸಿದ. ಯಾರೂ ತಡೆಯಲಿಲ್ಲ. ಚೌಕದ ಅಂಚಿನವರೆಗೂ ಕಾರಿನಲ್ಲಿಯೇ ಹೋದೆವು. ನನ್ನ ಪಾಂಡಿತ್ಯದ ಬಗ್ಗೆ ನನಗೆ ಅಂದು ಉಂಟಾದ ಸಂತೋಷವನ್ನು ಈಗ ನೆನೆದರೆ ನಗು ಬರುತ್ತದೆ.

ಮರುದಿನ ಸಿಯೆನಾ. ಈ ಸಲ ಮಗನು ನನ್ನನ್ನು ಏನೂ ಕೇಳಲಿಲ್ಲ. ಫ್ಲಾರೆನ್ಸ್‌ನಿಂದ ಸುಮಾರು 75 ಕಿಲೋಮೀಟರ್ ದಕ್ಷಿಣಕ್ಕಿರುವ ಈ ನಗರವು 1960ರ ದಶಕದಲ್ಲಿಯೇ ತನ್ನ ನಡುಭಾಗವನ್ನು ಕಾರುಗಳಿಗೆ ಮುಚ್ಚಿತು. ಇಟಲಿಯಲ್ಲಿ ಹೀಗೆ ಮಾಡಿದ ಮೊದಲಿಗರಲ್ಲಿ ಇದೂ ಒಂದು. 1995ರಲ್ಲಿ ಯುನೆಸ್ಕೊ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಊರು ಮೂರು ದಿಣ್ಣೆಗಳ ಮೇಲಿದೆ. ಕಾರು ನಿಲ್ಲಿಸುವ ಸ್ಥಳಗಳಲ್ಲಿ ಕೆಲವು ಕೆಳಗಿನ ಕಣಿವೆಯಲ್ಲಿವೆ. ನಾವು ನಿಲ್ಲಿಸಿದ್ದು ಸಂತ ಕ್ಯಾಥರೀನಳ ಹೆಸರಿನ ನಿಲುಗಡೆಯಲ್ಲಿ. 1347ರಲ್ಲಿ ಬಣ್ಣಗಾರನೊಬ್ಬನ ಮಗಳಾಗಿ ಹುಟ್ಟಿ, ಪೋಪರಿಗೇ ಬುದ್ಧಿಮಾತು ಬರೆದು ಕಳುಹಿಸಿದ ಆ ತಪಸ್ವಿನಿಯ ಮನೆ ಅಲ್ಲಿಂದ ದೂರವಿಲ್ಲ. ಯಂತ್ರದಿಂದ ಚೀಟಿ ಪಡೆದು, ಅದನ್ನು ಕಾರಿನಲ್ಲಿ ಬಿಡದೆ ಜೇಬಿನಲ್ಲಿಟ್ಟುಕೊಂಡೆವು. ಹಿಂತಿರುಗುವಾಗ ಮೊದಲು ಯಂತ್ರಕ್ಕೆ ಹಣ ಸಲ್ಲಿಸಿ, ಆಮೇಲೆ ಕಾರು ತೆಗೆಯಬೇಕು.

ಮೊಣಕಾಲಿನವರು ಹೆದರಬೇಕಾಗಿಲ್ಲ. ಆ ನಿಲುಗಡೆಯಿಂದ ಎಸ್ಕಲೇಟರ್‌ಗಳು ಒಂದರ ಮೇಲೊಂದಾಗಿ ಗುಡ್ಡವನ್ನು ಏರಿ, ಕಪ್ಪು ಬಿಳುಪು ಅಮೃತಶಿಲೆಯ ಪಟ್ಟೆಗಳುಳ್ಳ ಮಹಾದೇವಾಲಯದ ಸಮೀಪಕ್ಕೆ ಬಿಡುತ್ತವೆ. ಕಾರಿನಲ್ಲಿ ಬಂದಿದ್ದರೆ ನನಗೆ ಇಷ್ಟು ಸುಖವಾಗುತ್ತಿರಲಿಲ್ಲವೆಂದು ಕಾಣುತ್ತದೆ. ಹಂಪಿಯ ವಿಠಲ ದೇವಾಲಯದ ಬಳಿ ವಾಹನಗಳನ್ನು ದೂರ ನಿಲ್ಲಿಸಿ ವಿದ್ಯುತ್ ಗಾಡಿಯಲ್ಲಿ ಕರೆದೊಯ್ಯುವುದನ್ನು ಕಂಡವರಿಗೆ ಈ ಏರ್ಪಾಡಿನ ಬೆಲೆ ತಿಳಿಯುತ್ತದೆ.

ಮೇಲಿನ ಬೀದಿಗಳಲ್ಲಿ ಇಂಜಿನಿನ ಸದ್ದು ಬಹಳ ಕಡಿಮೆ. ಹೆಜ್ಜೆಯ ಸಪ್ಪಳ, ಗಂಟೆ, ಮಾತು, ಇವು ಬೇರೆಬೇರೆಯಾಗಿ ಕೇಳಿಸುತ್ತವೆ. ಇಳಿಜಾರಿನ ಓಣಿಯೊಂದು ಹಠಾತ್ತನೆ ತೆರೆದು ಕಾಂಪೊ ಎಂಬ ಚೌಕಕ್ಕೆ ಬಂದೆವು. ಚೌಕವೆಂಬುದು ಬರಿಯ ಹೆಸರು. ಅದು ಚಿಪ್ಪಿನ ಆಕಾರದಲ್ಲಿ ಒಂದೆಡೆಗೆ ಇಳಿದಿದೆ. ಒಂದು ಕಾಲದಲ್ಲಿ ಊರನ್ನು ಆಳಿದ ಒಂಬತ್ತು ಮಂದಿಯ ಮಂಡಲಿಯ ನೆನಪಿಗೆ ಇಟ್ಟಿಗೆಯ ಹಾಸು ಒಂಬತ್ತು ಭಾಗಗಳಾಗಿದೆ. ಜನರು ಆ ಇಟ್ಟಿಗೆಯ ಮೇಲೆ, ನಮ್ಮ ಜಾತ್ರೆಯಲ್ಲಿ ಕುಳಿತಂತೆ, ನೆಲದಲ್ಲಿಯೇ ಕುಳಿತಿದ್ದರು. ನಾವೂ ಕುಳಿತೆವು. ನನ್ನಾಕೆ ಬುತ್ತಿಯನ್ನು ಬಿಚ್ಚಿದಳು. ಜುಲೈ 2 ಮತ್ತು ಆಗಸ್ಟ್ 16ರಂದು ಇದೇ ಚೌಕದಲ್ಲಿ ಪಾಲಿಯೊ ಎಂಬ ಕುದುರೆ ಪಂದ್ಯ ನಡೆಯುತ್ತದೆ. ಆ ದಿನಗಳ ಸುತ್ತಮುತ್ತ ಕಾರಿನಲ್ಲಿ ಬರುವ ಯೋಚನೆ ಬೇಡ.

ಚೌಕದ ಕೆಳ ಅಂಚಿನಲ್ಲಿರುವ ನಗರಭವನದಲ್ಲಿ ಅಂಬ್ರೋಜಿಯೊ ಲೊರೆಂಜೆಟ್ಟಿ 1338–39ರಲ್ಲಿ ಬರೆದ ಭಿತ್ತಿಚಿತ್ರಗಳಿವೆ. ಒಳ್ಳೆಯ ಆಡಳಿತದಿಂದ ನಗರವು ಹೇಗಿರುತ್ತದೆಂಬುದು ಒಂದರ ವಸ್ತು. ಹೇರಿನ ಕತ್ತೆಗಳು, ಬೀದಿಯ ನಡುವೆ ಕೈಹಿಡಿದು ಕುಣಿಯುವವರು, ಅಂಗಡಿಯ ಚಮ್ಮಾರ, ಪೀಠದಲ್ಲಿ ಕುಳಿತು ಪಾಠ ಹೇಳುವ ಉಪಾಧ್ಯಾಯ. ಆ ಉಪಾಧ್ಯಾಯನ ಎದುರು ನಾನು ಬಹಳ ಹೊತ್ತು ನಿಂತಿದ್ದೆ. ಹೊರಗೆ ಬಂದರೆ ಅದೇ ಬೀದಿ, ಕತ್ತೆಗಳೊಂದು ಇಲ್ಲ.

ಇನ್ನು ಆ ಎರಡು ಪದಗಳ ವಿಷಯ. ‘ವಾರ್ಕೊ ಅತ್ತೀವೊ’ ಎಂದರೆ ದ್ವಾರದ ಕಣ್ಗಾವಲು ಸಕ್ರಿಯವಾಗಿದೆ, ಅನುಮತಿ ಇಲ್ಲದವರು ಪ್ರವೇಶಿಸಬಾರದು ಎಂದು ಅರ್ಥ. ನಡುವೆ ‘ನೋನ್’ ಎಂಬ ಪದವಿದ್ದರೆ ಮಾತ್ರ ಹೋಗಬಹುದು. 2020ರ ಜನವರಿಯಲ್ಲಿ ಮಗನ ಮನೆಗೆ ದಂಡದ ಪತ್ರ ಬಂದಿತ್ತು. ವಿದೇಶದಲ್ಲಿ ವಾಸಿಸುವವರಿಗೆ 360 ದಿನಗಳೊಳಗೆ ನೋಟೀಸು ಕಳುಹಿಸಲು ಅಲ್ಲಿನ ಕಾನೂನಿನಲ್ಲಿ ಅವಕಾಶವಿದೆ. ಮೂಲ ದಂಡ 80 ಯೂರೋಗಿಂತ ಸ್ವಲ್ಪ ಹೆಚ್ಚು. ಪತ್ರ ತಲುಪಿದ 5 ದಿನಗಳೊಳಗೆ ಕಟ್ಟಿದರೆ ಶೇಕಡಾ 30 ರಿಯಾಯಿತಿ. ಚಾಲಕನ ವಿಳಾಸವನ್ನು ಪೋಲೀಸರಿಗೆ ತಿಳಿಸಿದ್ದಕ್ಕಾಗಿ ಕಾರಿನ ಸಂಸ್ಥೆಯವರು ಪ್ರತ್ಯೇಕ ಶುಲ್ಕವನ್ನು ಅದಕ್ಕೂ ಮೊದಲೇ ಅವನ ಕ್ರೆಡಿಟ್ ಕಾರ್ಡಿನಿಂದ ತೆಗೆದುಕೊಂಡಿದ್ದರು. ಆ ಷರತ್ತು ಕರಾರುಪತ್ರದಲ್ಲಿ ಇದ್ದೇ ಇತ್ತು.

ಕೋಟೆಯೊಳಗೆ ತಂಗುವವರು ಹೊರಡುವ ಮೊದಲೇ ಹೋಟೆಲಿನವರಿಗೆ ಕಾರಿನ ಸಂಖ್ಯೆಯನ್ನು ತಿಳಿಸಿ, ಸಾಮಾನು ಇಳಿಸಲು ಅನುಮತಿ ಸಿಗುವುದೇ ಎಂದು ಕೇಳಬೇಕು. ರಸ್ತೆಯ ಬದಿಯಲ್ಲಿ ನೀಲಿ ಗೆರೆಯಿದ್ದರೆ ಹಣ ಕೊಟ್ಟು ನಿಲ್ಲಿಸಬೇಕು, ಬಿಳಿಯದು ಸಾಮಾನ್ಯವಾಗಿ ಉಚಿತ, ಹಳದಿಯದು ಮೀಸಲು. ಭಾರತದ ಪರವಾನಗಿಯುಳ್ಳವರು ಇಲ್ಲಿನ ಆರ್.ಟಿ.ಓ. ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಪಡೆದು ಹೋಗಬೇಕು.

ಮಗನು ದಂಡವನ್ನು ಕಟ್ಟಿ ಸುಮ್ಮನಿದ್ದ. ಇದೇನೂ ತಿಳಿಯದ ನಾನು ಊರಿನ ಒಂದು ಸಭೆಯಲ್ಲಿ, ಕಿರುಕೋಶವೊಂದರ ಬಲದಿಂದ ಪರದೇಶದ ಕೋಟೆಬಾಗಿಲನ್ನು ತೆರೆಸಿದ ಕಥೆಯನ್ನು ಹೇಳಿ ಚಪ್ಪಾಳೆ ಪಡೆದಿದ್ದೆ. ಅದನ್ನು ದೂರವಾಣಿಯಲ್ಲಿ ಅವನಿಗೂ ಹೇಳತೊಡಗಿದಾಗ, ಸೊಸೆಯು ನಗು ತಡೆಯಲಾರದೆ ಎಲ್ಲವನ್ನೂ ತಿಳಿಸಿದಳು. ತಂದೆಗೆ ನೋವಾದೀತೆಂದು ಅವನು ಹೇಳಿರಲಿಲ್ಲವಂತೆ. ಹಣ ಕಳುಹಿಸುತ್ತೇನೆಂದೆ, ಬೇಡವೆಂದ. ಮುಂದಿನ ಪ್ರವಾಸಕ್ಕೆ ಆ ಕಿರುಕೋಶವನ್ನು ತರಬಾರದೆಂದು ಸೊಸೆ ಷರತ್ತು ಹಾಕಿದ್ದಾಳೆ.