ಚಕ್ರದ ಕೆಳಗಿನ ಕಂಬ

ಮನೆಯ ಸಾಮಾನುಗಳಿಗೂ ಹೆಣ್ಣು-ಗಂಡು ಎಂಬ ಭೇದವಿದೆ. ಮಿಕ್ಸಿ, ಹೊಲಿಗೆ ಯಂತ್ರ, ಗ್ಯಾಸ್ ಒಲೆ ನಮ್ಮ ಪಾಲು. ಏಣಿ, ಸ್ಪ್ಯಾನರ್ ಡಬ್ಬಿ, ಕಾರು ಅವರ ಪಾಲು. ಹೊಲಿಗೆ ಯಂತ್ರದ ಬೆಲ್ಟು ಬದಲಿಸುವ, ಶಾವಿಗೆ ಒರಳಿನ ತಿರುಪಿಗೆ ಎಣ್ಣೆ ಬಿಡುವ ಹೆಂಗಸನ್ನು ಯಾರೂ ಮೆಕ್ಯಾನಿಕ್ ಎಂದು ಕರೆಯುವುದಿಲ್ಲ. ಅದೇ ಕೈಯಲ್ಲಿ ಕಾರಿನ ಬೋಲ್ಟು ಹಿಡಿದರೆ ಮಾತ್ರ ಬೀದಿಯವರೆಲ್ಲ ನಿಂತು ನೋಡುತ್ತಾರೆ!

ನಮ್ಮದು ಪ್ರೀಮಿಯರ್ ಪದ್ಮಿನಿ. ನೀವು ಬಹುಶಃ ಅದನ್ನು ಫಿಯಟ್ ಎಂದೇ ಕರೆದಿರುತ್ತೀರಿ. ವಾಲ್‌ಚಂದ್ ಹೀರಾಚಂದರು ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್, ಇಟಲಿಯ ಫಿಯಟ್ 1100 ಕಾರನ್ನು ಮುಂಬೈಯ ಕುರ್ಲಾದಲ್ಲಿ ತಯಾರಿಸುತ್ತಿತ್ತು. 1940ರಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆಯನ್ನು ಆರಂಭಿಸಿದವರೂ ಈ ವಾಲ್‌ಚಂದರೇ. 1974ರ ಸುಮಾರಿಗೆ ಕಾರಿಗೆ ರಾಣಿ ಪದ್ಮಿನಿಯ ಹೆಸರು ಬಂತು. ಹೆಸರು ರಾಣಿಯದು, ಚಕ್ರ ಮಾತ್ರ ರಾಯರ ಕೈಯಲ್ಲಿ! ಒಂದು ಕಾಲದಲ್ಲಿ ಹಣ ಕಟ್ಟಿ ವರ್ಷಗಟ್ಟಲೆ ಕಾದು ಪಡೆಯುತ್ತಿದ್ದ ಕಾರು ಇದು. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಗಳ ಪೈಕಿ ಕೊನೆಯ ಪದ್ಮಿನಿ 2023ರ ಅಕ್ಟೋಬರಿನಲ್ಲಿ ಸೇವೆಯಿಂದ ನಿವೃತ್ತಿಯಾಯಿತು.

ನಮ್ಮ ಗಾಡಿ 1986ರದ್ದು. ಮೂವತ್ತೈದು ವರ್ಷಕ್ಕೂ ಮೀರಿ ಇವರು ಓಡಿಸಿದರು, ನಾನು ಎಡಗಡೆಯ ಸೀಟಿನಲ್ಲಿ ಕೂತೆ. ಆಮೇಲೆ ಇವರ ಕಣ್ಣಿಗೆ ಗ್ಲಾಕೋಮಾ ಬಂತು. ಅದು ಕಳ್ಳನಂಥ ಕಾಯಿಲೆ. ನೋವಿಲ್ಲ, ಸದ್ದಿಲ್ಲ, ಅಂಚಿನ ನೋಟವನ್ನು ಮೊದಲು ಕದಿಯುತ್ತದೆ. ಹೋದ ನೋಟ ಮತ್ತೆ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬೇಕಷ್ಟೆ. ಇನ್ನು ಕಾರು ಬೇಡ ಎಂದು ವೈದ್ಯರು ಹೇಳಿದ ದಿನ ಇವರು ಬೀಗದ ಕೈಯನ್ನು ದೇವರ ಗೂಡಿನಲ್ಲಿಟ್ಟರು. ಆಮೇಲೆ ಆ ಮಾತನ್ನೇ ಎತ್ತಲಿಲ್ಲ. ಊಟದಲ್ಲೂ ಮಾತು ಕಡಿಮೆಯಾಯಿತು.

ಮಕ್ಕಳು, "ಗುಜರಿಗೆ ಕೊಟ್ಟುಬಿಡಿ" ಎಂದರು. ನಾನು, "ಸ್ಟೀರಿಂಗ್ ಸರಿಮಾಡಿಸಿ ಕೊಡಿ, ನಾನು ಓಡಿಸುತ್ತೇನೆ" ಎಂದೆ. ಮಗಳ ಸಣ್ಣ ಕಾರಿನಲ್ಲಿ ಕಲಿತು ಲೈಸೆನ್ಸ್ ಪಡೆದಿದ್ದೆ. ಆದರೆ ನಮ್ಮ ಗಾಡಿಗೆ ವಯಸ್ಸಾಗಿತ್ತು. ಚಕ್ರ ನಾಲ್ಕು ಬೆರಳಿನಷ್ಟು ತಿರುಗಿದ ಮೇಲೆಯೇ ಗಾಲಿಗೆ ಎಚ್ಚರವಾಗುತ್ತಿತ್ತು. ಹದಿನೈದು ವರ್ಷ ದಾಟಿದ ಸ್ವಂತ ವಾಹನವನ್ನು ಐದು ವರ್ಷಕ್ಕೊಮ್ಮೆ ಪರೀಕ್ಷೆಗೆ ಒಪ್ಪಿಸಿ ನೋಂದಣಿ ನವೀಕರಿಸಬೇಕು. ಅಷ್ಟು ಸಡಿಲ ಇಟ್ಟುಕೊಂಡು ಅಲ್ಲಿಗೆ ಹೋಗುವಂತಿರಲಿಲ್ಲ.

ಊರಿನ ಹಳೆಯ ಮೆಕ್ಯಾನಿಕ್ ಮನೆಗೇ ಬಂದು ಕಂಬವನ್ನು ಬಿಚ್ಚಿದ. ನಾವು ಹಿಡಿಯುವ ಚಕ್ರ ಕಣ್ಣಿಗೆ ಕಾಣುವ ಭಾಗ. ಅದರ ಕೆಳಗೆ ಕೊಳವೆ, ಕೊಳವೆಯೊಳಗೆ ಉಕ್ಕಿನ ಸರಳು, ಸರಳಿನ ತುದಿಯಲ್ಲಿ ಒಂದು ಪೆಟ್ಟಿಗೆ. ಪೆಟ್ಟಿಗೆಯಲ್ಲಿರುವುದು ಶಾವಿಗೆ ಒರಳಿನ ತಿರುಪಿನಂಥದೇ ತಿರುಪು. ಅದು ಸುತ್ತಿದರೆ ಹೊರಗಿನ ತೋಳು ಅತ್ತಿತ್ತ ಆಡಿ ಗಾಲಿಗಳನ್ನು ತಿರುಗಿಸುತ್ತದೆ. ಪದ್ಮಿನಿಯಲ್ಲಿ ಗೇರಿನ ಕಡ್ಡಿಯೂ ಈ ಕಂಬಕ್ಕೇ, ಹಾರನ್ನಿನ ತಂತಿಯೂ ಇಲ್ಲೇ. ದಾರಿ, ವೇಗ, ಕೂಗು ಮೂರೂ ಒಬ್ಬಳ ಹೆಗಲ ಮೇಲೆ. ಮನೆಯೊಡತಿಯ ನೆನಪಾಗಿ ನಗು ಬಂತು.

ಚಕ್ರ ಕಳಚುವ ಮೊದಲು, ಚಕ್ರಕ್ಕೊಂದು ಸರಳಿಗೊಂದು, ಎದುರುಬದುರಾಗಿ ಉಗುರುಬಣ್ಣದ ಚುಕ್ಕೆ ಇಟ್ಟಿದ್ದೆ. ಆಗ ಮೆಕ್ಯಾನಿಕ್ ನಕ್ಕಿದ್ದ.

ಸವೆದ ಭಾಗ ಬದಲಾಗಿ ಪೆಟ್ಟಿಗೆ ವಾಪಸು ಬಂದ ದಿನ ಇವರೂ ಎದ್ದು ಹೊರಗೆ ಬಂದರು. ಬ್ಯಾಟರಿಯ ತಂತಿ ಬಿಚ್ಚಿಯೇ ಇತ್ತು. ಗಾಡಿಯ ಮುಂಭಾಗವನ್ನು ಎತ್ತಿ ಗಟ್ಟಿ ಆಸರೆಯ ಮೇಲೆ ಕೂರಿಸಿದ್ದರು. ಮೆಕ್ಯಾನಿಕ್ ಬಾನೆಟ್ಟಿನ ಕಡೆ, ಇವರು ಒಳಗೆ ಡ್ಯಾಶ್‌ಬೋರ್ಡಿನ ಕೆಳಗೆ. ಅಲ್ಲಿ ಕಣ್ಣಿದ್ದವರಿಗೂ ಏನೂ ಕಾಣುವುದಿಲ್ಲ. ಇವರ ಬೆರಳು ಒಂದೊಂದೇ ತೂತನ್ನು ಹುಡುಕಿ ಬೋಲ್ಟು ಕೂರಿಸಿತು. "ಸಾರ್, ಇದನ್ನು ಈಗಲೇ ಬಿಗಿಮಾಡಬೇಡಿ" ಎಂದು ಅವನು ಇವರಿಗೆ ಹೇಳಿದ. ಇವರು ಅಲ್ಲಿಂದಲೇ ಹೇಳಿದರು: "ಅವರಿಗೆ ಹೇಳಪ್ಪ. ಇನ್ನು ಓಡಿಸುವವರು ಅವರು."

ಅಷ್ಟು ತಿಂಗಳಲ್ಲಿ ಇವರು ಆಡಿದ ದೊಡ್ಡ ಮಾತು ಅದು. ನಾನು ಟಾರ್ಚನ್ನು ಸುಮ್ಮನೆ ಇನ್ನಷ್ಟು ಹತ್ತಿರ ಹಿಡಿದೆ.

ಆಮೇಲೆ ಅವನು ನನಗೇ ವಿವರಿಸಿದ. ಮಂಚ ಜೋಡಿಸುವ ರೀತಿಯೇ. ಮೊದಲು ಎಲ್ಲ ಬೋಲ್ಟೂ ಬೆರಳಿನ ಬಿಗಿಯಲ್ಲಿ. ಆಮೇಲೆ ಕೆಳಗಿನ ಪೆಟ್ಟಿಗೆ ಭದ್ರ, ಕೊನೆಗೆ ಮೇಲಿನ ಪಟ್ಟಿ. ಮೇಲಿನದನ್ನು ಮೊದಲು ಬಿಗಿದರೆ ಕಂಬ ಎಳೆದು ಕೂರುತ್ತದೆ, ಚಕ್ರ ಹಿಡಿದಂತಾಗುತ್ತದೆ. ಬಿಚ್ಚಿದ ಸೀಳುಪಿನ್ನುಗಳನ್ನು ಮತ್ತೆ ಬಳಸದೆ ಹೊಸದನ್ನೇ ಹಾಕಬೇಕು. ನಂತರ ಚಕ್ರವನ್ನು ಎಡಕ್ಕೆ ಕೊನೆಯವರೆಗೆ, ಅಲ್ಲಿಂದ ಬಲಕ್ಕೆ ಕೊನೆಯವರೆಗೆ ಸುತ್ತು ಎಣಿಸುತ್ತ ತಿರುಗಿಸಿ, ಅದರ ಅರ್ಧಕ್ಕೆ ತಂದು ನಿಲ್ಲಿಸಬೇಕು. ಆಗ ಮುಂದಿನ ಗಾಲಿಗಳು ನೇರ ನೋಡುತ್ತಿರಬೇಕು. ಸರಳಿನ ತುದಿಯ ಸಣ್ಣ ಹಲ್ಲುಗಳಲ್ಲಿ ಒಂದೇ ಒಂದು ಹಲ್ಲು ತಪ್ಪಿದರೂ ಚಕ್ರ ಸೊಟ್ಟಗೆ ಕೂರುತ್ತದೆ.

"ಅಮ್ಮಾ, ನಿಮ್ಮ ಚುಕ್ಕೆ ಎಲ್ಲಿ?" ಎಂದು ಕೇಳಿದ. ಪೆಟ್ಟಿಗೆಯನ್ನು ಬಿಚ್ಚಿದ್ದರಿಂದ ಚುಕ್ಕೆಯೊಂದನ್ನೇ ನಂಬುವಂತಿರಲಿಲ್ಲ. ಎಣಿಕೆಯೂ ಚುಕ್ಕೆಯೂ ಒಂದೇ ಮಾತು ಹೇಳಿದವು. ನಟ್ಟು ಬಿಗಿಯಾಯಿತು. ಇವರು ಪ್ರತಿಯೊಂದು ಬೋಲ್ಟನ್ನೂ ಬೆರಳಿನಿಂದ ಮುಟ್ಟಿ, ಎಣಿಸಿ, "ಸರಿ" ಎಂದರು.

ಒಂದು ಎಚ್ಚರಿಕೆಯನ್ನೂ ಹೇಳಿದರು. ಅಮೆರಿಕದಲ್ಲಿ 1967ರ ಹೊತ್ತಿಗೇ ಢಿಕ್ಕಿಯಾದಾಗ ತಾನೇ ಕುಸಿಯುವ ಕಂಬಗಳು ಬಂದವು, ಆಮೇಲೆ ಕಾನೂನೂ ಆಯಿತು. ನಮ್ಮ ಪದ್ಮಿನಿಯ ವಿನ್ಯಾಸ ಅದಕ್ಕಿಂತ ಹಳೆಯದು. ಸರಳು ನೇರ ಎದೆಗೆ ಎದುರಾಗಿದೆ. "ಜಂಬ ಬೇಡ. ನಲವತ್ತು ದಾಟಬೇಡ" ಎಂದರು. ದಾಟಿಲ್ಲ.

ಪರೀಕ್ಷೆಯಲ್ಲಿ ಗಾಡಿ ಪಾಸಾಯಿತು. ಈಗ ಕಣ್ಣಿನ ತಪಾಸಣೆಗೆ ಸಾಗರದಿಂದ ಶಿವಮೊಗ್ಗಕ್ಕೆ ನಾನೇ ಕರೆದುಕೊಂಡು ಹೋಗುತ್ತೇನೆ. ಹಿಂದಿನ ಲಾರಿಯವರು ಹಾರನ್ ಹೊಡೆದು ಮುಂದೆ ಹೋಗುತ್ತಾರೆ, ಹೋಗಲಿ. ಎಡಗಡೆ ಕೂತ ಇವರು ಗಾಡಿಯ ಸದ್ದಿನಿಂದಲೇ ಗೇರು ಬದಲಿಸುವ ಹೊತ್ತನ್ನು ಹೇಳುತ್ತಾರೆ, ಆನಂದಪುರ ಬಂತೇ ಎಂದು ಕೇಳುತ್ತಾರೆ. ತಿರುವು ಬಂದಾಗ, ಇಷ್ಟು ವರ್ಷ ನಾನು ಹೇಳುತ್ತಿದ್ದ ಮಾತು ಅವರ ಬಾಯಿಂದ ಬರುತ್ತದೆ: "ಸ್ವಲ್ಪ ನಿಧಾನ ಮಾರಾಯ್ತಿ."