ನನ್ನ ಮೂಲೆ, ಭಾಗ 4: ಆಯಿ ಸೀರೆಯ ಮೇಲ್ಕಟ್ಟು

ಮೊದಲನೇ ಫೋಟೋ ನೋಡಿ "ಯಾವ ರೆಸಾರ್ಟ್?" ಅಂತ ಕೇಳಿದವರಿಗೆಲ್ಲ ಒಂದೇ ಉತ್ತರ. ಇದು ಮೋರಖಂಡಿ, ನಮ್ಮನೆ ನಡುಮನೆ. ಮಂಚ ನಮ್ಮ ಆಯಿದು, ಮೇಲಿರೋ ಬಟ್ಟೆ ಆಯಿಯ ಇಳಕಲ್ ಸೀರೆ. ರಾಷ್ಟ್ರಕೂಟರ ಮಯೂರಖಂಡಿ ನಮ್ಮೂರೇ ಅಂತ ಕೆಲವು ಇತಿಹಾಸಕಾರರು ಹೇಳ್ತಾರೆ, ಅಲ್ಲ ಅದು ನಾಸಿಕ್ ಕಡೆದು ಅಂತ ಇನ್ನು ಕೆಲವರು. ಅದು ತೀರ್ಮಾನ ಆಗೋವರೆಗೂ ನಾನು ರಾಣಿ ಥರ ಮಲಗ್ತೀನಿ, ಬಿಡಿ.

ಆಯಿ ಹೋದ ಮೇಲೆ ಅವಳ ಮಂಚ ನನಗೆ ಬಂತು. ಆದ್ರೆ ನಡುಮನೆ ಅಂದ್ರೆ ರೂಮಲ್ಲ, ದಾರಿ. ಅಡುಗೆಮನೆಗೆ ಹೋಗೋ ಅವ್ವ, ದನ ಕಟ್ಟಿ ಬರೋ ಅಪ್ಪ, ಚಾರ್ಜರ್ ಹುಡುಕೋ ತಮ್ಮ, ಎಲ್ಲರೂ ನನ್ನ ಕಾಲ್ದೆಸೆಯಿಂದಲೇ ದಾಟಬೇಕು. ಓದೋದಕ್ಕೂ ಜಾಗ ಇಲ್ಲ, ಒಂದ್ಸಲ ಸುಮ್ನೆ ಅಳೋದಕ್ಕೂ ಜಾಗ ಇಲ್ಲ. ರೀಲ್ಸ್ ತೆಗೆದ್ರೆ ಬಿಳಿ ನೆಟ್ ಕೆನೋಪಿ, ಸುತ್ತ ಸಣ್ಣ ಲೈಟು. ಆನ್‌ಲೈನಲ್ಲಿ ರೇಟ್ ನೋಡಿ ಮೊಬೈಲ್ ಕೆಳಗಿಟ್ಟೆ. ಆಮೇಲೆ ಟ್ರಂಕಿನಲ್ಲಿದ್ದ ಸೀರೆ ನೆನಪಾಯ್ತು.

ಕತ್ತರಿ ಹಿಡ್ಕೊಂಡು ಕೂತಿದ್ದು ನೋಡಿ ಅವ್ವ ಬಾಗಿಲಲ್ಲೇ ನಿಂತಳು. "ಯಾರಿಂದ ಮುಚ್ಕೊಳ್ಳಾಕ ಇದು? ನಮ್ಮಿಂದೇನು?" ಅಂದಳು. ನಾನು ಏನೂ ಹೇಳಲಿಲ್ಲ. ಹೌದು ಅಂದ್ರೂ ತಪ್ಪು, ಇಲ್ಲ ಅಂದ್ರೆ ಸುಳ್ಳು.

ಕತ್ತರಿ ಮಾತ್ರ ಒಳಗಿಟ್ಟೆ. ಲೆಕ್ಕ ಹಾಕಿದೆ. ಆಯಿ ಉಡ್ತಿದ್ದದ್ದು ಒಂಬತ್ತು ಗಜದ ಸೀರೆ, ಅಂದ್ರೆ 27 ಅಡಿ. ಮಂಚದ ಮೇಲೆ 6 ಅಡಿ, ತಲೆ ಕಡೆ 8, ಕಾಲ ಕಡೆ 8. ಒಟ್ಟು 22. ಒಂದು ಎಳೆ ಕತ್ತರಿಸದೆಯೂ 5 ಅಡಿ ಉಳೀತದೆ.

ಮೊಳೆ ಎಲ್ಲಿ ಹೊಡೀಲಿ ಅಂತ ಸ್ಟೂಲ್ ಹತ್ತಿದ್ರೆ, ತೊಲೆಗಳಲ್ಲಿ ಆಗಲೇ ನಾಲ್ಕು ಕಬ್ಬಿಣದ ಬಳೆ! ಮಸಿ ಹಿಡಿದು ಕಾಣ್ತಾನೇ ಇರಲಿಲ್ಲ. ಅವ್ವನ್ನ ಕರೆದೆ. ಸಿಟ್ಟಿನಲ್ಲೇ ಬಂದಳು, ಮೇಲೆ ನೋಡಿದಳು, ದನಿ ಇಳೀತು.

"ಮಣ್ಣಿನ ಮಾಳಿಗಿ ಅಲ್ಲೇನು, ಮಣ್ಣು ಉದುರತಿತ್ತು. ನಿನ್ನ ಬಾಣಂತನದಾಗ ನಿಮ್ಮ ಆಯಿನೇ ತನ್ನ ಸೀರಿ ಕಟ್ಟಿದ್ಳು. ಕೂಸಿನ ಕಣ್ಣಾಗ ಬೀಳಬಾರ್ದು ಅಂತ."

ಅಂದ್ರೆ ನಾನು ಹೊಸದೇನೂ ಮಾಡ್ತಿರಲಿಲ್ಲ. ಇದಕ್ಕೆ ಕನ್ನಡದಲ್ಲಿ ಹಳೇ ಹೆಸರೇ ಇದೆ: ಮೇಲ್ಕಟ್ಟು. ಯುರೋಪಿನ ಶ್ರೀಮಂತರು ಮಂಚಕ್ಕೆ ದಪ್ಪ ಪರದೆ ಹಾಕ್ತಿದ್ದದ್ದೂ ಬರೀ ಚಂದಕ್ಕಲ್ಲ, ಚಳಿಗೆ, ಆಮೇಲೆ ಅದೇ ಕೋಣೆಯಲ್ಲಿ ಮಲಗೋ ಆಳುಗಳ ಕಣ್ಣು ತಪ್ಪಿಸೋದಕ್ಕೆ. ಅರಮನೆಯಲ್ಲೂ ನಡುಮನೆ ಕಷ್ಟವೇ!

ಈಗ ನನ್ನ ತಪ್ಪು. ಉಳಿದ 5 ಅಡಿ ಸೆರಗು ಚಂದ ಕಾಣ್ಲಿ ಅಂತ ಮೇಲಿಂದ ಇಳಿಬಿಟ್ಟಿದ್ದೆ. ಮೂರನೇ ದಿನ ಮಧ್ಯಾಹ್ನ ಗಾಳಿಗೆ ಹಾರಿ ಫ್ಯಾನಿಗೆ ಸಿಕ್ಕಿತು. ಪರ್ ಅಂತ ಸದ್ದು. ಸ್ವಿಚ್ ಆರಿಸೋಷ್ಟರಲ್ಲಿ ಸೆರಗು ಒಡಲಿನಿಂದ ಅರ್ಧ ಬಿಟ್ಟುಕೊಂಡಿತ್ತು. ಸೀರೆ ಮಡಿಲಲ್ಲಿ ಇಟ್ಕೊಂಡು ಕೂತೆ. ಆಯಿ ಹೋದಾಗ ಬಾರದ ಅಳು ಅವತ್ತು ಬಂತು.

ಅವ್ವ ಬಂದು ಪಕ್ಕದಲ್ಲಿ ಕೂತು ಬೆರಳಾಡಿಸಿ ನೋಡಿದಳು. "ಹರದಿಲ್ಲವ್ವ. ಕೂಡಿಸಿದ ಜಾಗ ಬಿಟ್ಟದ, ಅಷ್ಟೇ." ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಮಗ್ಗದ ಮೇಲೆ ಕೂಡಿಸ್ತಾರೆ. ಬಿಟ್ಟದ್ದು ಆ ಕೊಂಡಿ. ಅವ್ವ ಸೂಜಿ ತಂದಳು. ನೇಕಾರರ ಕೈ ಅಲ್ಲ, ಮೂರನೇ ಫೋಟೋ ಜೂಮ್ ಮಾಡಿದ್ರೆ ಹೊಲಿಗೆ ಕಾಣ್ತದೆ. ಹೊಲೀತಾ ಕೇಳಿದಳು, "ಅಳಾಕ ಜಾಗ ಬೇಕಿತ್ತೇನು?" ನಾನು ಹೂಂ ಅಂದೆ. "ನನಗೂ ಇರ್ಲಿಲ್ಲ" ಅಂದಳು.

ನೀವೂ ಕಟ್ಟೋದಾದ್ರೆ:
• ಫ್ಯಾನಿನ ರೆಕ್ಕೆಗೆ ಬಟ್ಟೆ ಯಾವ ಗಾಳಿಗೂ ಮುಟ್ಟಬಾರದು. ಉಳಿದದ್ದನ್ನ ಮಡಿಚಿ ಟಾಕಿ ಹಾಕಿ.
• ಬಟ್ಟೆ ಹತ್ತಿರ ಊದುಬತ್ತಿ, ದೀಪ, ಬಿಸಿಯಾಗೋ ಬಲ್ಬು ಬೇಡ.
• ಸೀರೆ ಸೊಳ್ಳೆ ತಡೆಯಲ್ಲ. ಅದಕ್ಕೆ ಮಚ್ಚರದಾನಿಯೇ ಬೇಕು, ಚದರ ಇಂಚಿಗೆ ಕನಿಷ್ಠ 156 ಕಣ್ಣಿರೋದು. ಡೆಂಗಿ ಸೊಳ್ಳೆ ಕಚ್ಚೋದು ಹಗಲಲ್ಲಿ, ಹಂಗಾಗಿ ಮಧ್ಯಾಹ್ನದ ನಿದ್ದೆಗೂ ಕಟ್ಟಿ.

ಕೊನೇ ಫೋಟೋ ನಿನ್ನೆ ಮಧ್ಯಾಹ್ನದ್ದು. ಪರದೆ ಹಿಂದೆ ಕಾಣೋ ಕಾಲು ನನ್ನವಲ್ಲ. ಅವ್ವ ಮಲಗಿದ್ದಾಳೆ. ತಮ್ಮನಿಗೆ ಆ ಕಡೆ ಹೋಗಬೇಡ ಅಂತ ಹೇಳಿ ನಾನು ಪಡಸಾಲೆಯಲ್ಲಿ ಕೂತು ಇದನ್ನ ಬರೆದೆ.

ಭಾಗ 5ರಲ್ಲಿ ಆಯಿಯ ಟ್ರಂಕು. ನಿಮ್ಮ ಮನೆ ತೊಲೆಗಳಲ್ಲೂ ಬಳೆ ಇವೆಯಾ? ಒಮ್ಮೆ ಸ್ಟೂಲ್ ಹತ್ತಿ ನೋಡಿ, ಕಮೆಂಟಲ್ಲಿ ಹೇಳಿ.

#ನನ್ನಮೂಲೆ #ಮೋರಖಂಡಿ #ಇಳಕಲ್‌ಸೀರೆ